ಅರಿಶಿನ ಹಚ್ಚಿದ ಕಣ

ಲೈನಿಂಗ್ ಬಟ್ಟೆ, ಎರಡು ಉಂಡೆ ದಾರ ತರಲು ಪೇಟೆಗೆ ಹೋಗಿದ್ದೆ. ವಾಪಸ್ಸು ಬರುವ ಹೊತ್ತಿಗೆ ನನ್ನ ಹೊಲಿಗೆ ಕೋಣೆ ಖಾಲಿಯಾಗಿತ್ತು. ಗುಡಿಸಿ, ನೀರು ಹಾಕಿ ಒರೆಸಿ, ಕಿಟಕಿ ತೆರೆದಿಟ್ಟಿದ್ದರು. ಮೆಷಿನ್ನು ನಡುಮನೆಯ ಆಚೆ, ಮಹಡಿ ಮೆಟ್ಟಿಲ ಕೆಳಗೆ, ಗೋಡೆಗೆ ಮುಖ ಮಾಡಿ ನಿಂತಿತ್ತು. ಅದರ ಪಕ್ಕದಲ್ಲಿ ಟೀವಿ ತಂದಾಗ ಬಂದಿದ್ದ ದೊಡ್ಡ ರಟ್ಟಿನ ಡಬ್ಬ. ಹನ್ನೊಂದು ವರ್ಷದಿಂದ ನಾನು ಮಡಿಸಿ, ಬೇರ್ಪಡಿಸಿ, ಗಂಟು ಹಾಕಿ ಇಡುತ್ತಿದ್ದ ಬಟ್ಟೆಯೆಲ್ಲ ಅದರೊಳಗಿತ್ತು. ಮೇಲಿಂದ ಕಾಲಲ್ಲಿ ತುಳಿದು ತುಂಬಿದಂತೆ ತುಂಬಿದ್ದರು. ಬಟ್ಟೆ ಇಡುತ್ತಿದ್ದ ಮರದ ಸ್ಟ್ಯಾಂಡು ಮಾತ್ರ ಕೋಣೆಯಲ್ಲೇ ಉಳಿದಿತ್ತು. ಬರುವವರಿಗೆ ಬೇಕಾಗುತ್ತದೆ ಎಂದು.

ಬರುವವರು ಯಾರು ಎಂದು ನಾನು ಕೇಳಬೇಕಾಯಿತು. ನನ್ನ ಗಂಡ ಹಿತ್ತಿಲಿನ ಷೆಡ್ಡಿನಲ್ಲಿ ಮರ ಕಡೆಯುವ ಮೆಷಿನ್ನಿನ ಮುಂದೆ ಕೂತು ಬೊಂಬೆಯ ತಲೆಗೆ ಬಣ್ಣದ ಅರಗು ಹಿಡಿಯುತ್ತಿದ್ದರು. ಮೆಷಿನ್ನು ನಿಲ್ಲಿಸದೆಯೇ ಹೇಳಿದರು.

"ಬಿಡದಿ ಕಾರ್ ಫ್ಯಾಕ್ಟ್ರಿ ಕೆಲ್ಸದೋರು. ಇಬ್ರು. ಉತ್ತರ ಕರ್ನಾಟಕದ ಕಡೆಯೋರಂತೆ. ಬೀದಿಗೆ ಬಾಗ್ಲಿರೋ ರೂಮೇ ಬೇಕಂದ್ರು."

"ನನ್ನನ್ನ ಒಂದು ಮಾತು ಕೇಳ್ಬಾರ್ದಾಗಿತ್ತಾ?"

"ಕೇಳೋದೇನೈತೆ? ಮೆಟ್ಲು ಕೆಳ್ಗೆ ಲೈಟ್ ಹಾಕ್ಸಿಕೊಡ್ತೀನಿ. ಚಿಂದಿ ತಾನೆ, ಎಲ್ಲಿದ್ರೇನು?"

ಆಗ ಬಿಡದಿಯಲ್ಲಿ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದ ಕಾಲ. ಕಂಪನಿ ಬಸ್ಸುಗಳು ಚನ್ನಪಟ್ಟಣದವರೆಗೂ ಬಂದು ಹೆದ್ದಾರಿಯಲ್ಲಿ ನಿಂತು ಜನರನ್ನು ತುಂಬಿಸಿಕೊಂಡು ಹೋಗುತ್ತಿದ್ದವು. ನಮ್ಮ ಬೀದಿಯಲ್ಲಿ ದನದ ಕೊಟ್ಟಿಗೆಗೂ ಬಾಗಿಲಿಟ್ಟು, ಸುಣ್ಣ ಬಳಿದು, ಬಾಡಿಗೆಗೆ ಕೊಟ್ಟವರಿದ್ದರು. ಮನೆಗೆ ನಾಲ್ಕು ಕಾಸು ಬರುವುದನ್ನು ಬೇಡ ಎನ್ನುವವಳು ನಾನಲ್ಲ. ಕೇಳಿದ್ದರೆ ಪ್ರಾಯಶಃ ಆಗಲಿ ಎನ್ನುತ್ತಿದ್ದೆ. ಎರಡು ದಿನ ಟೈಮು ತೆಗೆದುಕೊಂಡು, ಒಂದೊಂದೇ ಗಂಟು ಎತ್ತಿ, ನಾನೇ ಜಾಗ ಮಾಡಿಕೊಳ್ಳುತ್ತಿದ್ದೆ. ಕೇಳಲಿಲ್ಲ. ಮೇಲೆ ಚಿಂದಿ ಎಂದರು.

ಆ ಮಾತಿಗೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವರ ಷೆಡ್ಡಿನಲ್ಲಿ ಅರಗಿನ ಕಡ್ಡಿಗಳನ್ನು ಗೋಡೆಯ ಹಲಗೆಯ ಮೇಲೆ ಸಾಲಾಗಿ ಇಟ್ಟಿರುತ್ತಾರೆ. ಕೆಂಪು, ಹಳದಿ, ಹಸಿರು, ಕಾಫಿಪುಡಿ ಬಣ್ಣ. ಧೂಳು ಹೊಡೆಯಲು ಹೋಗಿ ಒಂದು ಸಲ ಹಳದಿಯನ್ನು ಹಸಿರಿನ ಜಾಗದಲ್ಲಿ ಇಟ್ಟೆ ಎಂದು ಮೂರು ಮನೆಗೆ ಕೇಳುವಂತೆ ಕೂಗಾಡಿದ್ದರು. ಅರಗು ಕಡ್ಡಿಗೆ ಜಾಗ ಇದೆ. ಬಟ್ಟೆಗೆ ಮಾತ್ರ ಎಲ್ಲಿದ್ದರೇನು.

ಚಿಂದಿ ಎಂದರೆ ಒರೆಸಲು ಬಳಸುವುದು. ನನ್ನ ಕೋಣೆಯಲ್ಲಿ ಚಿಂದಿಯೂ ಇತ್ತು, ಇಲ್ಲ ಎನ್ನುವುದಿಲ್ಲ. ಅದಕ್ಕೆ ಬಾಗಿಲ ಹಿಂದೆ ಒಂದು ಚೀಲ ತೂಗುಹಾಕಿದ್ದೆ. ಮಿಕ್ಕಿದ್ದೆಲ್ಲ ಬಟ್ಟೆ. ಆರು ಅಡಿ ಅಗಲ, ಎಂಟು ಅಡಿ ಉದ್ದದ ಕೋಣೆಯಲ್ಲಿ ಮೆಷಿನ್ನು, ನಾನು, ಕತ್ತರಿಸುವ ಹಲಗೆ, ಐದು ಅಂಕಣದ ಸ್ಟ್ಯಾಂಡು. ಅದರಲ್ಲಿ ಯಾವುದು ಎಲ್ಲಿದೆ ಎಂದು ಕರೆಂಟು ಹೋದರೂ ಕೈಯಿಟ್ಟು ತೆಗೆಯುತ್ತಿದ್ದೆ. ಬಣ್ಣದ ಪ್ರಕಾರ ಜೋಡಿಸಿದ್ದು ಲೈನಿಂಗ್ ಬಟ್ಟೆಯನ್ನು ಮಾತ್ರ. ಗಿರಾಕಿಗಳ ಬಟ್ಟೆ ಬೀದಿಯ ಪ್ರಕಾರ. ಗುಡಿ ಬೀದಿಯವರದು ಒಂದು ಸಾಲು, ಕೆರೆ ಕಡೆಯವರದು ಇನ್ನೊಂದು, ರೈಲ್ವೆ ಸ್ಟೇಷನ್ ಕಡೆಯವರದು ಮತ್ತೊಂದು. ಒಬ್ಬೊಬ್ಬರ ರವಿಕೆ ಬಟ್ಟೆಯೊಳಗೆ ಅವರ ಅಳತೆ ರವಿಕೆಯಿಟ್ಟು, ಅಂಚು ಪಟ್ಟಿಯಿಂದ ಕಟ್ಟಿ ಗಂಟು ಹಾಕುತ್ತಿದ್ದೆ. ಒಂದು ಗಂಟು ಎಂದರೆ ಇನ್ನೂ ಕತ್ತರಿಸಿಲ್ಲ. ಎರಡು ಗಂಟು ಎಂದರೆ ಕತ್ತರಿಸಿದೆ, ಹೊಲಿಯಬೇಕು. ಬರವಣಿಗೆ ಇಲ್ಲ, ಚೀಟಿ ಇಲ್ಲ. ಹನ್ನೊಂದು ವರ್ಷದಲ್ಲಿ ಒಬ್ಬರ ಬಟ್ಟೆ ಇನ್ನೊಬ್ಬರಿಗೆ ಹೋಗಿರಲಿಲ್ಲ.

ಎಲ್ಲಕ್ಕಿಂತ ಮೇಲಿನ ಅಂಕಣದಲ್ಲಿ ನಮ್ಮ ಮನೆಯ ಕಣಗಳು, ಇನ್ನೂ ಹೊಲಿಯದ ರವಿಕೆ ತುಂಡುಗಳು. ನಮ್ಮ ಕಡೆ ಯಾವ ಹೆಂಗಸು ಮನೆಗೆ ಬಂದರೂ ಅರಿಶಿನ ಕುಂಕುಮದ ಜೊತೆ ರವಿಕೆ ಕಣ ಕೊಡದೆ ಕಳಿಸುವುದಿಲ್ಲ. ಕೊಟ್ಟದ್ದನ್ನು ಹೊಲಿಸುವವರು ನೂರಕ್ಕೆ ಒಬ್ಬರು. ಆ ಕಣಗಳು ಹೊಲಿಸುವುದಕ್ಕೆ ಬರುವುದೂ ಇಲ್ಲ, ನೀರು ಕಂಡರೆ ಬಣ್ಣ ಬಿಡುತ್ತವೆ. ಆದ್ದರಿಂದ ಕೊಟ್ಟದ್ದು ಇನ್ನೊಬ್ಬರಿಗೆ ಹೋಗುತ್ತದೆ, ಅವರು ಮತ್ತೊಬ್ಬರಿಗೆ ಕೊಡುತ್ತಾರೆ. ನಾನೇ ಪೆನ್ಸಿಲ್ಲಿನಲ್ಲಿ ಗೀಟು ಹಾಕಿದ್ದ ಒಂದು ನೇರಳೆ ಕಣ ಎರಡು ವರ್ಷ ಊರೆಲ್ಲ ಸುತ್ತಿ ನನ್ನ ಮಡಿಲಿಗೇ ವಾಪಸ್ಸು ಬಂದಿತ್ತು. ಅಂಥ ಕಣಗಳನ್ನು ಗಿರಾಕಿಗಳ ಬಟ್ಟೆಯ ಹತ್ತಿರಕ್ಕೂ ನಾನು ಬಿಡುತ್ತಿರಲಿಲ್ಲ.

ಡಬ್ಬದಲ್ಲಿ ಎಲ್ಲವೂ ಒಂದಾಗಿದ್ದವು.

ಆ ವಾರ ಮೆಟ್ಟಿಲ ಕೆಳಗೆ ಬಗ್ಗಿ ಕೂತು, ಆತುರದ್ದನ್ನು ಮೊದಲು ಹುಡುಕಿ ತೆಗೆದು ಹೊಲಿದೆ. ಯಾರಾದರೂ ಮಹಡಿಗೆ ಹೋದರೆ ತಲೆಯ ಮೇಲೆ ದಡದಡ ಎನ್ನುತ್ತಿತ್ತು, ಹೊಲಿಗೆಯ ಮೇಲೆ ಗಾರೆ ಉದುರುತ್ತಿತ್ತು. ಡಬ್ಬವನ್ನು ಪೂರ್ತಿ ಸುರುವಿ ಬೇರ್ಪಡಿಸಲು ನೆಲವಾದರೂ ಬೇಕಲ್ಲ. ನಡುಮನೆಯಲ್ಲಿ ಹರಡಿದರೆ ಓಡಾಡಲು ಜಾಗವಿಲ್ಲ ಎಂದು ಗೊಣಗಾಟ. ಬಾಡಿಗೆಯವರು ಬಂದು ಸೇರಿಕೊಂಡರು. ಒಳ್ಳೆಯ ಹುಡುಗರೇ. ಅವರ ಪ್ಯಾಂಟು, ನೀಲಿ ಅಂಗಿಗಳು ನನ್ನ ಸ್ಟ್ಯಾಂಡಿನ ಮೇಲೆ ಕೂತವು. ಬಾಗಿಲು ತೆರೆದಿದ್ದಾಗ ಕಾಣುತ್ತಿತ್ತು. ನಾನು ಆ ಕಡೆ ನೋಡದೆ ನಡೆಯುವುದನ್ನು ಕಲಿತೆ.

ಮುಂದಿನ ಬುಧವಾರ ಗುಡಿ ಬೀದಿಯ ಗಿರಾಕಿ ಬಂದರು. ಅವರ ಮಗಳ ಮದುವೆಗೆ ಇನ್ನು ಹತ್ತು ದಿನ. ಧಾರೆ ಸೀರೆಯ ಸೆರಗಿನಾಚೆ ನೇಯ್ದು ಬಂದ ರವಿಕೆ ಕಣವನ್ನು ಅವರೇ ಕತ್ತರಿಸಿ, ಶಾಸ್ತ್ರಕ್ಕೆ ಮೂಲೆಗೆ ಅರಿಶಿನ ಹಚ್ಚಿ, ಹದಿನೈದು ದಿನದ ಹಿಂದೆ ನನ್ನ ಕೈಗೆ ಕೊಟ್ಟಿದ್ದರು. ಈರುಳ್ಳಿ ಸಿಪ್ಪೆಯ ಬಣ್ಣ, ಗಿಣಿ ಹಸಿರು ಅಂಚು.

"ನನ್ ಮಗ್ಳು ಬೆನ್ನು ಬುಟ್ಟು ಒಲ್ಸು ಅಂತಾಳೆ, ನೀನು ಕಿವಿಗಾಕ್ಕೋಬ್ಯಾಡ ಕಣವ್ವ," ಎಂದರು. "ಕತ್ತು ಚಿಕ್ದಾಗೇ ಇರ್ಲಿ. ಬೀಗ್ರು ಕಡೆ ಮುದುಕೀರು ಒಂಥರಾ ಜನ."

"ಆಗಲಿ ಅಕ್ಕ. ನಾಳಿದ್ದು ಕತ್ತರಿಸ್ತೀನಿ," ಎಂದೆ.

ಅವರು ಹೋದ ಮೇಲೆ ಕಣವನ್ನು ತೆಗೆದಿಟ್ಟುಕೊಳ್ಳೋಣ ಎಂದು ಡಬ್ಬಕ್ಕೆ ಕೈಹಾಕಿದೆ. ರೇಷ್ಮೆಗೆ ಗಂಟು ಹಾಕಿದರೆ ಸುಕ್ಕು ಹಿಡಿಯುತ್ತದೆ. ಅದಕ್ಕೇ ಅದೊಂದನ್ನು ಮಾತ್ರ ಕಟ್ಟದೆ, ಹಳೆಯ ಪಂಚೆ ತುಂಡಿನಲ್ಲಿ ಸುತ್ತಿ, ಅಡ್ಡಡ್ಡವಾಗಿ ಮಲಗಿಸಿ ಇಟ್ಟಿದ್ದೆ. ಪಂಚೆ ತುಂಡು ಸಿಕ್ಕಿತು. ಒಳಗೆ ಏನೂ ಇರಲಿಲ್ಲ. ಡಬ್ಬವನ್ನು ನಡುಮನೆಯಲ್ಲಿ ಸುರುವಿದೆ. ಒಂದೊಂದೇ ಎತ್ತಿ ಕೊಡವಿದೆ. ಎರಡನೆಯ ಸಲವೂ ಕೊಡವಿದೆ. ಅತ್ತೆ ಅವರೆಕಾಯಿ ಬಿಡಿಸುತ್ತಾ ಗೋಡೆಗೆ ಒರಗಿ ಕೂತಿದ್ದರು.

"ಅತ್ತೆ, ಒಂದು ರೇಷ್ಮೆ ಕಣ ಇತ್ತಲ್ಲ. ಈರುಳ್ಳಿ ಸಿಪ್ಪೆ ಬಣ್ಣದ್ದು. ನೋಡಿದ್ರಾ?"

"ಅದಾ? ಸುಕ್ರವಾರ ರಾಮನಗರದೋಳು ಬಂದಿದ್ಲಲ್ಲವ್ವ, ನಮ್ಮಣ್ಣನ ಸೊಸೆ. ಅವ್ಳಿಗೆ ಅರಿಸ್ನ ಕುಂಕ್ಮದ ಜೊತೆ ಕೊಟ್ಟೆ."

"ಕೊಟ್ರಾ?"

"ಊ ಕಣವ್ವ. ನೀನು ನೀರ್ ತರಕ್ ಓಗಿದ್ದೆ. ಮುತ್ತೈದೇನ ಬರೀ ಕೈಲಿ ಕಳ್ಸಕ್ಕಾಯ್ತದಾ? ಮೂಲೇಲಿ ಅರಿಸ್ನ ಅಚ್ಚಿತ್ತು. ನಮ್ಗೇ ಯಾರೋ ಕೊಟ್ಟಿರೋ ತಾಂಬೂಲದ್ದು ಅಂದ್ಕಂಡೆ. ಯಾಕ್ ಮಗಾ, ಯಾರ್ದು ಅದು?"

ಅತ್ತೆಯ ಮೇಲೆ ಎಗರಿ ಬೀಳಬೇಕು ಎನ್ನಿಸಿತು. ಎಗರಲು ಆಗಲಿಲ್ಲ. ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಮೇಲಿನ ಅಂಕಣದಲ್ಲಿದ್ದದ್ದನ್ನು ಕೊಡಬಹುದು, ಕೆಳಗಿನವಕ್ಕೆ ಕೈ ಹಾಕಬಾರದು ಎಂದು ಹನ್ನೊಂದು ವರ್ಷದ ಹಿಂದೆ ಒಂದು ಸಲ ಹೇಳಿದ್ದೆ. ಅವತ್ತಿನಿಂದ ಅವರು ಒಮ್ಮೆಯೂ ಕೈ ಹಾಕಿರಲಿಲ್ಲ. ಡಬ್ಬಕ್ಕೆ ಮೇಲೆಲ್ಲಿ, ಕೆಳಗೆಲ್ಲಿ? ಗಂಟಿಲ್ಲದ, ಮೂಲೆಗೆ ಅರಿಶಿನ ಹಚ್ಚಿದ ಕಣವನ್ನು ಕಂಡರೆ ನಮ್ಮ ಸೀಮೆಯ ಯಾವ ಹೆಂಗಸಾದರೂ ತಾಂಬೂಲದ್ದೇ ಎನ್ನುತ್ತಾಳೆ. ಅದೇ ಅರಿಶಿನವನ್ನು ಮದುವೆ ಬಟ್ಟೆಗೂ ಹಚ್ಚುತ್ತಾರೆ.

ಷೆಡ್ಡಿಗೆ ಹೋಗಿ ಗಂಡನಿಗೆ ಹೇಳಿದೆ. ಈ ಸಲ ಮೆಷಿನ್ನು ನಿಲ್ಲಿಸಿದರು.

"ಓದ್ರೆ ಓಯ್ತು ಬುಡು. ಅಂತದ್ದೇ ಇನ್ನೊಂದು ಬಟ್ಟೆ ತಂದು ಒಲ್ದು ಕೊಟ್ಬುಡು. ಯಾರ್ ನೋಡ್ತಾರೆ?"

"ಸೀರೆ ಜೊತೆ ನೇಯ್ದದ್ದು ಅಂಗಡೀಲಿ ಸಿಗುತ್ತಾ? ಧಾರೆ ಮಂಟಪದಲ್ಲಿ ಸೀರೆ ಒಂದು ಬಣ್ಣ, ರವಿಕೆ ಒಂದು ಬಣ್ಣ ಆದ್ರೆ ಮುದುಕೀರು ನೋಡೋದು ಅದನ್ನೇ."

"ನಮ್ಮವ್ವ ಮಾಡಿದ್ದಕ್ಕೆ ನನ್ನೇನ್ ಮಾಡು ಅಂತೀಯ?"

"ನಿಮ್ಮವ್ವ ಏನೂ ಮಾಡಿಲ್ಲ," ಎಂದೆ. "ಆ ಡಬ್ಬ ತುಂಬಿದ್ದು ನಿಮ್ಮವ್ವ ಅಲ್ಲ."

ಅವರು ಮೆಷಿನ್ನು ಹಾಕಿದರು. ಅದರ ಸದ್ದಿನಲ್ಲಿ ಮಾತು ಮುಗಿಯಿತು. ನಮ್ಮ ಮನೆಯಲ್ಲಿ ಎಷ್ಟೋ ಮಾತು ಹಾಗೆ ಮುಗಿದಿವೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ರಾಮನಗರಕ್ಕೆ ಹೋದೆ. ಬದಲಿಗೆ ಕೊಡಲು ನನ್ನದೇ ಮೂರು ಒಳ್ಳೆಯ ಕಣ ಚೀಲದಲ್ಲಿ ಇಟ್ಟುಕೊಂಡಿದ್ದೆ. ಅತ್ತೆಯ ಅಣ್ಣನ ಸೊಸೆಯ ಮನೆ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿತ್ತು. ಬಾಗಿಲಲ್ಲಿ ರಂಗೋಲಿ ಬಿಡುತ್ತಿದ್ದವಳು ನನ್ನನ್ನು ನೋಡಿ ಎದ್ದಳು. ವಿಷಯ ಕೇಳಿ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಅಯ್ಯೋ ಅಕ್ಕ! ಚನ್ನಪಟ್ಟಣದೋರು ಇದೇ ಮೊದಲ್ನೇ ಸಲ ಒಂದು ಒಳ್ಳೆ ಕಣ ಕೊಟ್ರಲ್ಲಾ ಅಂದ್ಕಂಡಿದ್ದೆ. ಅದೂ ತೆಪ್ಪಾಗಿ ಕೊಟ್ಟಿದ್ದಾ?"

"ನಗಬೇಡ ಕಣೇ. ಎಲ್ಲಿದೆ ಅದು?"

"ನನ್ತಾವ ಎಲ್ಲೈತೆ? ಆ ಬಣ್ಣ ನಂಗೊಪ್ಪಲ್ಲ. ಭಾನುವಾರ ನಮ್ಮಕ್ಕ ಬಂದಿದ್ಲು ಕೋಡಿಹಳ್ಳಿ ಕಡೆಯಿಂದ. ಅವ್ಳಿಗೆ ಕೊಟ್ಟೆ. ನೋಡಿದ್ಕೂಡ್ಲೆ ಹಿಗ್ಗೋದ್ಲು."

ನಗು ಅವಳಿಗೆ ಸಹಜವಾಗಿ ಬಂದದ್ದು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಕಾಫಿ ಕುಡಿಯದೆ ಹೊರಟೆ. ಕುಡಿಯದೆ ಹೋಗಬಾರದು ಎಂದು ಅವಳು ಬಸ್ ಸ್ಟ್ಯಾಂಡಿನ ದಾರಿಯವರೆಗೂ ಹಿಂದೆ ಬಂದಳು. ಅಕ್ಕನ ಮನೆ ಯಾವ ಊರು, ಎಲ್ಲಿ ಇಳಿಯಬೇಕು ಎಂದು ಹೇಳಿದಳು. ಕೊನೆಗೆ, "ಬೇಜಾರ್ ಮಾಡ್ಕಬ್ಯಾಡಕ್ಕ, ಒಂದ್ನಿಮಿಷ ನಿಂತ್ಕೋ, ಅರಿಸ್ನ ಕುಂಕ್ಮ ಆದ್ರೂ ಇಸ್ಕಂಡ್ ಓಗು" ಎಂದಳು. ಆ ಮಾತು ಕೇಳಿ ನನಗೆ ಅಳು ಬರಬೇಕೋ ಸಿಟ್ಟು ಬರಬೇಕೋ ತಿಳಿಯಲಿಲ್ಲ. ಸಿಟ್ಟೇ ಬಂತು.

ರಾಮನಗರದಿಂದ ಕನಕಪುರ, ಕನಕಪುರದಿಂದ ಕೋಡಿಹಳ್ಳಿ, ಅಲ್ಲಿಂದ ಎರಡು ಮೈಲಿ ಆಟೋದಲ್ಲಿ ಆರು ಜನರ ನಡುವೆ. ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕುತ್ತಿದ್ದೆ: ಆಕೆ ಅದನ್ನು ಆಗಲೇ ಕತ್ತರಿಸಿಬಿಟ್ಟಿದ್ದರೆ? ಹಳ್ಳಿಯ ಟೈಲರಿಗೆ ಕೊಟ್ಟಿದ್ದರೆ? ಅಥವಾ ಆಕೆಯ ಮನೆಗೂ ಯಾರಾದರೂ ಮುತ್ತೈದೆ ಬಂದು ಹೋಗಿದ್ದರೆ? ಒಂದು ಮಾತು ನನ್ನ ಗಂಡ ಕೇಳಿದ್ದರೆ, ಬೇಡ, ಆ ಡಬ್ಬ ತುಂಬುವಾಗ ಮೇಲಿನ ಅಂಕಣದ್ದನ್ನು ಬೇರೆ ಚೀಲಕ್ಕೆ ಹಾಕಿದ್ದರೆ ಸಾಕಿತ್ತು. ಇಷ್ಟೇ. ಇಷ್ಟಕ್ಕೆ ನಾನು ಮೂರು ಬಸ್ಸು ಹತ್ತಿ ಇಳಿಯುತ್ತಿದ್ದೆ.

ಆಕೆ ಹಸುವಿಗೆ ಹುಲ್ಲು ಹಾಕುತ್ತಿದ್ದವಳು ಕೈ ತೊಳೆದು ಬಂದು ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟಳು. ರಾಮನಗರದ ತಂಗಿಯ ಗಂಡನ ಸೋದರತ್ತೆಯ ಸೊಸೆ ನಾನು ಎಂದು ಹೇಳಿ ಮುಗಿಸುವಷ್ಟರಲ್ಲಿ ಮಜ್ಜಿಗೆ ಮುಗಿದಿತ್ತು. ಕಣದ ಮಾತು ಎತ್ತಿದೆ. ಆಕೆಯ ಮುಖ ಬಿಗಿಯಾಯಿತು.

"ಮಡ್ಲಿಗೆ ಆಕಿದ್ದನ್ನ ವಾಪಸ್ ಕೇಳ್ಕಂಡ್ ಬತ್ತಾರಾ ಯಾರಾನಾ?"

"ತಪ್ಪಾಗಿ ಕೊಟ್ಟುಬಿಟ್ರು ಅಕ್ಕ. ಬದಲಿಗೆ ಮೂರು ಕಣ ತಂದಿದ್ದೀನಿ."

"ಸಿಲ್ಕು ಅಂತ ಆಮ್ಯಾಕೆ ಗೊತ್ತಾಯ್ತಾ? ಒಟ್ಟೆ ಉರ್ಕಂಡು ಅಷ್ಟು ದೂರ್ದಿಂದ ಓಡ್ಬಂದಾ? ಬಟ್ಟೆ ಒಲಿಯೋರ ಮನೇಲಿ ಒಂದು ಕಣಕ್ಕೆ ಬರವಾ?"

ಬೆಳಿಗ್ಗೆಯಿಂದ ಕಚ್ಚಿ ಹಿಡಿದಿದ್ದ ಬಾಯಿ ಅಲ್ಲಿ ಬಿಟ್ಟುಹೋಯಿತು. "ನನ್ನದಾಗಿದ್ರೆ ಬೆಂಕಿಗೆ ಹಾಕು ಅಂತಿದ್ದೆ ಕಣಮ್ಮ!" ಎಂದು ಕೂಗಿದೆ. "ನನ್ನದಲ್ಲ ಅದು. ಒಂದು ಮದುವೆ ಹೆಣ್ಣಿನ ಧಾರೆ ರವಿಕೆದು. ಇನ್ನು ಒಂಬತ್ತು ದಿನ ಇದೆ ಮದುವೆ."

ಪಕ್ಕದ ಮನೆಯ ಬಾಗಿಲಲ್ಲಿ ಒಂದು ತಲೆ ಇಣುಕಿತು. ಆಕೆ ಎದ್ದು ನಿಂತಳು.

"ಮದ್ವೆ ಎಣ್ಣಿಂದಾ? ಅಯ್ಯೋ ಸಿವ್ನೆ! ಅದ್ನ ಮೊದ್ಲೇ ಏಳ್ಬಾರ್ದಾ? ಮದ್ವೆಯಾಗ್ದಿರೋ ಮಗ್ಳು ನನ್ ಮನೇಲೂ ಅವ್ಳೆ. ಇನ್ನೊಂದ್ ಎಣ್ಣಿನ ಧಾರೆ ಬಟ್ಟೆ ನನ್ ಪೆಟ್ಟಿಗೇಲಿ ಮಡಿಕ್ಕಳಾದಾ!"

ಓಡಿಹೋಗಿ ಟ್ರಂಕು ತೆಗೆದಳು. ಕಣ ಇತ್ತು, ಕತ್ತರಿ ತಾಗಿರಲಿಲ್ಲ. ನನ್ನ ಜೀವ ವಾಪಸ್ಸು ಬಂತು. ಆದರೆ ಕೈಗೆ ಕೊಡು ಎಂದರೆ ಆಕೆ ಕೊಡಲಿಲ್ಲ. ತಾಂಬೂಲವಾಗಿ ಬಂದದ್ದು ಬರೀ ಕೈಯಿಂದ ಹೋಗಬಾರದಂತೆ. ನನ್ನನ್ನು ಮಣೆಯ ಮೇಲೆ ಕೂರಿಸಿ, ಕೆನ್ನೆಗೆ ಅರಿಶಿನ ಹಚ್ಚಿ, ಕುಂಕುಮವಿಟ್ಟು, ತೆಂಗಿನಕಾಯಿಯ ಜೊತೆ ಹೊಸದಾಗಿ ನನ್ನ ಮಡಿಲಿಗೆ ಹಾಕಿದಳು. ನಾನು ತಂದ ಮೂರು ಕಣಗಳಲ್ಲಿ ಒಂದನ್ನೇ ತೆಗೆದುಕೊಂಡಳು. ಮೂರೂ ಇಟ್ಟುಕೊಂಡು ಆಸೆಬುರುಕಿ ಅನ್ನಿಸಿಕೊಳ್ಳಬಾರದಲ್ಲ ಎಂದಳು. ಹೋಗುವಾಗ ಸೊಪ್ಪಿನ ಕಟ್ಟು ಬೇರೆ.

ಬಸ್ಸಿನಲ್ಲಿ ಕಣವನ್ನು ತೊಡೆಯ ಮೇಲೆ ಬಿಡಿಸಿದೆ. ಆಗ ಕಂಡಿತು. ರಾಮನಗರದಲ್ಲಿ ಕೊಟ್ಟ ತಾಂಬೂಲವನ್ನು, ವೀಳ್ಯದೆಲೆ ಕುಂಕುಮದ ಪೊಟ್ಟಣ ಸಮೇತ, ಆಕೆ ಹಾಗೆಯೇ ಮಡಿಕೆಯೊಳಗೆ ಬಿಟ್ಟು ಟ್ರಂಕಿಗೆ ಹಾಕಿದ್ದಳು. ಎಲೆ ಕೊಳೆತು, ಕುಂಕುಮ ನೆನೆದು, ರೇಷ್ಮೆಯ ನಡುವೆ ಅಂಗೈಯಗಲ ಕಂದುಗೆಂಪು ಕಲೆಯಾಗಿತ್ತು. ರೇಷ್ಮೆಗೆ ಕುಂಕುಮ ಇಳಿದರೆ ಹೋಗುವುದಿಲ್ಲ. ನಾನು ಅದನ್ನು ಮಡಿಸಿ, ಚೀಲಕ್ಕೆ ಹಾಕಿ, ಕಿಟಕಿಯ ಕಡೆ ತಿರುಗಿ ಕೂತೆ. ಪಕ್ಕದಲ್ಲಿದ್ದವರು ಯಾರಾದರೂ ಸತ್ತರಾ ಎಂದು ಕೇಳಿದರು.

ಮರುದಿನ ಊಟದ ಹೊತ್ತಿನವರೆಗೂ ಕಣದ ಮುಂದೆ ಕೂತೆ. ಮೆಟ್ಟಿಲ ಕೆಳಗೆ ಹಲಗೆ ಹಿಡಿಯುವುದಿಲ್ಲ. ನಡುಮನೆಯ ನೆಲದ ಮೇಲೆಯೇ ಹರಡಿ, ಯಾರೂ ಈ ಕಡೆ ಬರಕೂಡದು ಎಂದೆ. ನನ್ನ ದನಿ ಹೇಗಿತ್ತೋ, ಯಾರೂ ಬರಲಿಲ್ಲ. ಕಾಗದದಲ್ಲಿ ಕತ್ತರಿಸಿದ ಅಳತೆಗಳನ್ನು ಅತ್ತ ಇತ್ತ ಇಟ್ಟು ನೋಡಿದೆ. ಕಲೆ ಎಲ್ಲಿಗೆ ತಂದರೂ ಒಂದು ಕಡೆ ಎದೆಗೆ ಬರುತ್ತಿತ್ತು, ಇನ್ನೊಂದು ಕಡೆ ತೋಳಿಗೆ. ಕಡೆಗೆ ಒಂದೇ ದಾರಿ ಉಳಿಯಿತು. ಬೆನ್ನಿನ ಭಾಗವನ್ನು ನಡುವಿಗೆ ತಂದು, ಕತ್ತು ಕತ್ತರಿಸುವ ದುಂಡಿನೊಳಗೆ ಕಲೆ ಬೀಳುವಂತೆ ಮಾಡುವುದು. ಕತ್ತಿನ ದುಂಡು ಹೇಗೂ ಕತ್ತರಿಸಿ ಎಸೆಯುವ ಚೂರು. ಆದರೆ ಆ ತಾಯಿ ಹೇಳಿದ ಚಿಕ್ಕ ಕತ್ತಿನಲ್ಲಿ ಕಲೆ ಪೂರ್ತಿ ಹಿಡಿಯುವುದಿಲ್ಲ. ಎರಡು ಬೆರಳು ಅಗಲ ಮಾಡಬೇಕಿತ್ತು. ಹಾಗೆ ಜರುಗಿಸಿದ್ದರಿಂದ ಒಂದು ತೋಳಿಗೆ ಬಟ್ಟೆ ಸಾಲದೆ ಕಂಕುಳಲ್ಲಿ ತುಂಡು ಸೇರಿಸಿ ಜೋಡು ಹಾಕಬೇಕಾಯಿತು. ಜೋಡನ್ನು ಯಾರೂ ಕಂಡುಹಿಡಿಯಲಾರರು, ಹಾಗೆ ಹೊಲಿದೆ. ನನ್ನ ಜೀವಮಾನದಲ್ಲಿ ಅದಕ್ಕಿಂತ ಚೊಕ್ಕವಾಗಿ ಏನನ್ನೂ ಹೊಲಿದಿಲ್ಲ. ಹೊಲಿಯುವಾಗ ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು.

ಮದುವೆ ಹೆಣ್ಣಿನ ತಾಯಿ ಬಂದರು. ರವಿಕೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಕತ್ತು ಒಸಿ ಅಗ್ಲ ಆಯ್ತಲ್ಲವ್ವ?"

"ಎರಡು ಬೆರಳು ಅಕ್ಕ. ಮದುಮಗಳಿಗೆ ಚೆನ್ನಾಗಿ ಕಾಣ್ಲಿ ಅಂತ."

ಮಗಳ ಕಡೆ ಸೇರಿಕೊಂಡೆಯಾ ಎಂದು ಅರ್ಧ ನಕ್ಕರು. ಆಮೇಲೆ ನಡುಮನೆಯಲ್ಲಿ ಕೂತು, "ಚೂರು ಕೊಡು" ಎಂದರು. ಮದುವೆ ಹೆಣ್ಣಿನ ಬಟ್ಟೆಯ ಚೂರನ್ನು ಯಾರೂ ಟೈಲರ ಮನೆಯಲ್ಲಿ ಬಿಡುವುದಿಲ್ಲ. ಯಾರ ಕೈಗೆ ಸಿಕ್ಕಿ ಏನು ಮಾಟ ಮಾಡಿಸುತ್ತಾರೋ ಎಂಬ ಭಯ. ನನಗೆ ಅದು ಗೊತ್ತಿತ್ತು. ಚೂರುಗಳನ್ನು ಕಾಗದದಲ್ಲಿ ಕಟ್ಟಿ ಇಟ್ಟಿದ್ದೆ, ಕತ್ತಿನ ದುಂಡು ಒಂದನ್ನು ಬಿಟ್ಟು. ಅದು ನನ್ನ ಸೊಂಟಕ್ಕೆ ಸಿಕ್ಕಿಸಿದ ಸೀರೆಯ ಮಡಿಕೆಯಲ್ಲಿತ್ತು. ಒಲೆಗೆ ಹಾಕೋಣ ಎಂದು ಎರಡು ಸಲ ಎದ್ದು, ಎರಡು ಸಲವೂ ಧೈರ್ಯ ಬಾರದೆ ಕೂತಿದ್ದೆ. ಧಾರೆ ಬಟ್ಟೆಯನ್ನು ಸುಡುತ್ತಾರೆಯೇ?

ಅವರು ಕಾಗದ ಬಿಚ್ಚಿ ಚೂರುಗಳನ್ನು ನೆಲದ ಮೇಲೆ ಒಂದೊಂದಾಗಿ ಇಟ್ಟರು. ತೋಳಿನದು, ಕಂಕುಳಿನದು, ಪಕ್ಕೆಯದು.

"ಕತ್ತಿನ ದುಂಡು ಎಲ್ಲವ್ವ?"

ನನ್ನ ಕೈ ಸೊಂಟದ ಮಡಿಕೆಯ ಮೇಲೆ ಹೋಯಿತು.

"ಕತ್ತಿನ ದುಂಡು?"

ತೆಗೆದು ಕೊಟ್ಟೆ. ಕೊಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಕೋಣೆ ಖಾಲಿ ಮಾಡಿಸಿದ್ದು, ಡಬ್ಬ, ಅತ್ತೆ, ರಾಮನಗರ, ಕೋಡಿಹಳ್ಳಿ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. "ತೆಪ್ಪು ನಂದೇಯ ಕಣವ್ವ" ಎಂದರು. ಆ ತಾಯಿ ಅತ್ತೆಯ ಕಡೆ ನೋಡಲೂ ಇಲ್ಲ. ಕಲೆಯ ದುಂಡನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ನನ್ನನ್ನೇ ನೋಡುತ್ತಿದ್ದರು.

"ಮೂರು ಮನೆ ಸುತ್ತಿ ಬಂದ ಕಣನಾ ನನ್ ಮಗ್ಳು ಧಾರೆಗೆ ತೊಡ್ಬೇಕು. ಅದ್ನೂ ನೀನು ಬಾಯಿಬುಟ್ಟು ಏಳ್ನಿಲ್ಲ, ನಾನು ಕೇಳಾಗಂಟ."

"ತಪ್ಪಾಯ್ತು ಅಕ್ಕ."

"ಬಟ್ಟೆ ಮಡಗಾಕೆ ಜಾಗ ಇಲ್ದೋಳು ಊರೋರ ಬಟ್ಟೆ ಯಾಕವ್ವ ಇಸ್ಕತೀಯ?"

ಚೂರುಗಳನ್ನೆಲ್ಲ ಸೆರಗಿಗೆ ಕಟ್ಟಿಕೊಂಡು, ರವಿಕೆ ತೆಗೆದುಕೊಂಡು ಹೊರಟುಹೋದರು. ನನ್ನ ಅಳತೆಯಲ್ಲಿ, ನನ್ನ ಕೆಲಸದಲ್ಲಿ ಅವರು ತಪ್ಪು ಹುಡುಕಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕೇಳಿದ್ದು ನ್ಯಾಯವಾಗಿತ್ತು. ಅದಕ್ಕೇ ತಡೆಯಲಾಗಲಿಲ್ಲ. ಮುಚ್ಚಿಟ್ಟದ್ದು ನನ್ನ ತಪ್ಪು, ಅದರಲ್ಲಿ ಯಾರಿಗೂ ಪಾಲಿಲ್ಲ. ಜಾಗ ಇಲ್ಲದವಳಾದದ್ದು ಮಾತ್ರ ನಾನಾಗಿ ಆದದ್ದಲ್ಲ.

ಮದುವೆಗೆ ನಾನು ಹೋಗಲಿಲ್ಲ. ಹೆಣ್ಣು ಅದೇ ರವಿಕೆ ತೊಟ್ಟಿದ್ದಳು, ಚೆನ್ನಾಗಿ ಕೂತಿತ್ತು ಎಂದು ಹೋಗಿಬಂದವರು ಹೇಳಿದರು. ಆದರೆ ಮದುವೆಗೆ ಮೊದಲೇ ಗುಡಿ ಬೀದಿಯ ಮೂವರು ಬಂದು ತಮ್ಮ ಬಟ್ಟೆ ವಾಪಸ್ಸು ಕೇಳಿದರು. ಒಬ್ಬಾಕೆ ಊರಿಗೆ ಹೋಗುತ್ತಿದ್ದೇನೆ ಎಂದಳು. ಒಬ್ಬಾಕೆ ಕಾರಣವನ್ನೇ ಹೇಳಲಿಲ್ಲ. ಮೂರನೆಯವಳು ನನ್ನ ಮುಖ ನೋಡಲಾರದೆ, "ಅಳತೆ ರವ್ಕೇನೂ ಕೊಟ್ಬುಡಕ್ಕ" ಎಂದಳು. ಅಳತೆ ರವಿಕೆ ಕೇಳಿದರು ಎಂದರೆ ಮತ್ತೆ ಬರುವುದಿಲ್ಲ ಎಂದರ್ಥ. ಮೂರಕ್ಕೂ ಒಂದೊಂದೇ ಗಂಟಿತ್ತು, ಇನ್ನೂ ಕತ್ತರಿಸಿರಲಿಲ್ಲ.

ಅವರು ಹೋದ ಮೇಲೆ ಎದ್ದು ಹೋಗಿ ಬಾಡಿಗೆ ಕೋಣೆಯ ಬಾಗಿಲು ತಟ್ಟಿದೆ. ಒಬ್ಬ ಡ್ಯೂಟಿಗೆ ಹೋಗಿದ್ದ, ಇನ್ನೊಬ್ಬ ಇದ್ದ.

"ಆ ಸ್ಟ್ಯಾಂಡು ನನ್ನದಪ್ಪ. ನನಗೆ ಬೇಕು."

"ತಗೋರಿ ಅಮ್ಮಾರ," ಎಂದ. "ನಮಗ ಗೊತ್ತಿರಲಿಲ್ರಿ." ತಮ್ಮ ಬಟ್ಟೆಗಳನ್ನು ಹಾಸಿಗೆಯ ಮೇಲೆ ಸುರಿದು, ಸ್ಟ್ಯಾಂಡಿನ ಒಂದು ತುದಿ ತಾನೇ ಹಿಡಿದ. "ಎಲ್ಲಿ ಇಡಬೇಕ್ರಿ?"

ದೇವರ ಮನೆಯನ್ನು ತೋರಿಸಿದೆ. ಅಡುಗೆಮನೆಗೆ ಅಂಟಿಕೊಂಡ, ಒಬ್ಬರು ಕೂತು ಪೂಜೆ ಮಾಡುವಷ್ಟು ಜಾಗ. ಒಂದು ಗೋಡೆಗೆ ದೇವರ ಪಟಗಳು, ಎದುರು ಗೋಡೆ ಖಾಲಿ. ಅಳತೆ ಮೊದಲೇ ನೋಡಿದ್ದೆ, ಸ್ಟ್ಯಾಂಡು ಬೆರಳಿನಷ್ಟು ಬಿಟ್ಟು ಸರಿಯಾಗಿ ಕೂರುತ್ತಿತ್ತು. ಸದ್ದು ಕೇಳಿ ಗಂಡ ಷೆಡ್ಡಿನಿಂದ ಬಂದರು.

"ಏನೇ ಇದು, ತಲೆ ಗಿಲೆ ಕೆಟ್ಟೈತಾ? ಊರೋರ ಮೈಲಿಗೆ ಬಟ್ಟೇನ ದೇವ್ರ ಮನೇಲಿ ಮಡಗ್ತೀಯಾ?"

"ಬೀದಿ ಕೋಣೆ ಖಾಲಿ ಮಾಡಿಸಿ ಕೊಡಿ, ಅಲ್ಲಿಗೇ ಇಡ್ತೀನಿ."

"ಕೊಟ್ಟ ಮಾತು ಅಂಗೆಲ್ಲ ತೆಗ್ಯಾಕಾಯ್ತದಾ?"

"ಹಾಗಾದ್ರೆ ಇಲ್ಲೇ ಇರುತ್ತೆ. ಈ ಮನೇಲಿ ಹೇಳದೆ ಕೇಳದೆ ಯಾರೂ ಕೈ ಹಾಕದೇ ಇರೋ ಜಾಗ ಇದೊಂದೇ. ದೇವರು ಯಾರಿಗೂ ತಾಂಬೂಲ ಎತ್ತಿ ಕೊಡಲ್ಲ."

ಬಾಡಿಗೆ ಹುಡುಗ ಮೆಲ್ಲಗೆ ಹೊರಗೆ ಜಾರಿಕೊಂಡ. ಗಂಡ ಅತ್ತೆಯ ಕಡೆ ತಿರುಗಿದರು. "ನೋಡವ್ವ, ನಿನ್ ಸೊಸೆ ಆಡೋದ."

ಅತ್ತೆ ಹಣೆಗೆ ಕೈಹಚ್ಚಿ ಸ್ಟ್ಯಾಂಡನ್ನು ನೋಡಿದರು. "ದೀಪ ಅಚ್ಚೋವಾಗ ಬಟ್ಟೆಗೆ ಕಿಡಿ ತಾಗ್ದಂಗೆ ಒಂದು ತಗಡು ಒಡ್ಕೊಡು ಕಣ್ಲಾ," ಎಂದರು ಮಗನಿಗೆ. ಗಂಡ ಗೊಣಗುತ್ತಾ ಷೆಡ್ಡಿಗೆ ಹೋದರು. ತಗಡು ತರಲು ಹೋದರೋ, ಸುಮ್ಮನೆ ಹೋದರೋ, ನಾನು ಕೇಳಲಿಲ್ಲ. ತಗಡು ಬಂದದ್ದು ನಾಲ್ಕು ದಿನದ ಮೇಲೆ.

ಆ ಮಧ್ಯಾಹ್ನ ಸ್ನಾನ ಮಾಡಿ ಬಂದು ಡಬ್ಬವನ್ನು ಕೊನೆಯ ಸಲ ಸುರುವಿದೆ. ನಮ್ಮ ಮನೆಯ ಕಣಗಳನ್ನು ಬೇರೆ ಚೀಲಕ್ಕೆ ಹಾಕಿ ಅತ್ತೆಯ ಮಂಚದ ಕೆಳಗೆ ಇಟ್ಟೆ. ಕೊಡುವವರ ಹತ್ತಿರವೇ ಇರಲಿ. ಲೈನಿಂಗ್ ಬಟ್ಟೆ ಬಿಳಿಯಿಂದ ಕಪ್ಪಿನವರೆಗೆ ಕೆಳಗಿನ ಅಂಕಣಕ್ಕೆ. ಕೆರೆ ಕಡೆಯವರದು ಒಂದು ಸಾಲು, ಸ್ಟೇಷನ್ ಕಡೆಯವರದು ಒಂದು ಸಾಲು. ಸಡಿಲವಾಗಿದ್ದ ಗಂಟುಗಳನ್ನು ಬಿಚ್ಚಿ ಮತ್ತೆ ಹಾಕಿದೆ. ಸಿಟ್ಟಿಗೆ ಗಂಟು ಬಿಗಿಯಾಗಿ, ಆಮೇಲೆ ಬಿಚ್ಚುವಾಗ ಹಲ್ಲಿನಲ್ಲಿ ಕಚ್ಚಬೇಕಾಯಿತು. ಗುಡಿ ಬೀದಿಯ ಸಾಲಿನಲ್ಲಿ ಇಡಲು ಎರಡೇ ಗಂಟು ಉಳಿದಿದ್ದವು. ಪಕ್ಕದ ಸಾಲಿನವನ್ನು ಇತ್ತ ಜರುಗಿಸಿ ಜಾಗ ತುಂಬಿಸಬಹುದಿತ್ತು. ಜರುಗಿ ಬಂದದ್ದು ನನಗೇ ಸಾಕಾಗಿತ್ತು. ಎರಡನ್ನು ಮೂಲೆಗೆ ಒತ್ತಿ ಇಟ್ಟು, ಉಳಿದ ಜಾಗವನ್ನು ಹಾಗೇ ಬಿಟ್ಟೆ.